ನಿಂತ ಗಾಡಿಯ ಬೇರಿಂಗು: ಕೆಲವು ಟಿಪ್ಪಣಿಗಳು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆಯಲ್ಲಿ ಬೋಟು ಕಟ್ಟಿಹಾಕಿದರೆ ಘಟ್ಟದ ಬುಡದವರೆಗಿನ ಮೀನಿನ ಗಾಡಿಗಳಿಗೂ ಅರ್ಧ ರಜೆ. ನಾಡದೋಣಿಯ ಮೀನು ಅಷ್ಟಿಷ್ಟು ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನೂ ಐಸಿನಲ್ಲಿ ಬರುವುದುಂಟು. ಆದರೂ ವಗ್ಗ, ಪುಂಜಾಲಕಟ್ಟೆ, ಸಿದ್ಧಕಟ್ಟೆ, ವೇಣೂರು ಎಂದು ಒಳದಾರಿ ಸುತ್ತುವ ಸಣ್ಣ ಟೆಂಪೋಗಳಲ್ಲಿ ಹಲವು ಅಂಗಳದಲ್ಲೇ ನಿಂತಿರುತ್ತವೆ.

ನನಗೆ ಬಿಡಿಸಲಾಗದ ಒಗಟು ಇಲ್ಲೇ ಶುರು. ಹತ್ತು ತಿಂಗಳು ಗುಂಡಿ ಹತ್ತಿಳಿದು ಓಡುವಾಗ ತಕರಾರು ಮಾಡದ ಹಿಂದಿನ ಚಕ್ರ, ಎರಡು ತಿಂಗಳು ಸುಮ್ಮನೆ ನಿಂತು ಆಗಸ್ಟಿನಲ್ಲಿ ಹೊರಟಾಗ ಗುಂಯ್ ಎನ್ನುತ್ತದೆ. ಓಡಿದ್ದಕ್ಕೆ ಸವೆಯಬೇಕಾದದ್ದು ನಿಂತದ್ದಕ್ಕೆ ಯಾಕೆ ಸವೆಯುತ್ತದೆ?

*

ಬಿ.ಸಿ.ರೋಡಿನ ಆಚೆ ಒಂದು ಗ್ಯಾರೇಜು. ಟೆಂಪೋದ ಹಿಂದಿನ ಎಡಚಕ್ರ ಜಾಕಿಯ ಮೇಲೆ. ಮಾಲೀಕರು ಕೊಡೆ ಊರಿಕೊಂಡು ನಿಂತಿದ್ದಾರೆ.

“ಎಂತ ಸಾಹೇಬ್ರೇ, ಪುನಃ ಅದೇ ಬದಿಯಾ?”

“ಅದೇ ಮಾರಾಯ. ಎರಡು ತಿಂಗಳು ಗಾಡಿ ತೆಗೆಯಲೇ ಇಲ್ಲ. ಹಾಳಾಗ್ಲಿಕ್ಕೆ ಎಂತ ಉಂಟು ಅದರಲ್ಲಿ?”

“ತೆಗೆಯದ್ದಕ್ಕೇ ಹಾಳಾದದ್ದು.”

ಹೀಗೆಂದ ಮೇಸ್ತ್ರಿ ಹಬ್ ಕಳಚಿ ಬೇರಿಂಗ್ ಹೊರತೆಗೆದ. ಗ್ರೀಸು ಕಂದು ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು. ಗ್ರೀಸು ಬಿಳಿಚಿದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥವಂತೆ. ಡೀಸೆಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೇರಿಂಗಿನ ಹೊರಬಳೆಯನ್ನು ನನ್ನ ಕೈಗಿಟ್ಟ. ಅದಕ್ಕೆ ಗ್ಯಾರೇಜಿನವರು ‘ಕಪ್’ ಅನ್ನುತ್ತಾರೆ. ಅದರ ಒಳಮೈ ಕನ್ನಡಿಯಷ್ಟು ನುಣುಪಾಗಿರಬೇಕು. ಕೆಳಗಿನ ಅರ್ಧದಲ್ಲಿ ಮಾತ್ರ ತುಕ್ಕಿನ ಅಡ್ಡಗೆರೆಗಳು. ಎಲ್ಲಿಯೂ ಅಂದಾದುಂದಿಯಿಲ್ಲ, ಒಂದರಿಂದ ಇನ್ನೊಂದಕ್ಕೆ ಒಂದೇ ಅಂತರ. ಉಗುರಿನಿಂದ ಸವರಿದರೆ ಪ್ರತಿಯೊಂದೂ ತೊಡರುತ್ತಿತ್ತು. ರೋಲರುಗಳಿರುವ ಪಂಜರವನ್ನು ಅದರೊಳಗೆ ಇಟ್ಟು ನೋಡಿದೆ. ರೋಲರಿಗೊಂದು ಗೆರೆ, ಸರಿಯಾಗಿ ಕೂತಿತು.

ಅರ್ಧ ಒಗಟು ಅಲ್ಲೇ ಬಿಡಿಸಿಕೊಂಡಿತು. ಚಕ್ರ ತಿರುಗುತ್ತಿದ್ದಾಗ ನೀರು ಒಂದು ಕಡೆ ನಿಲ್ಲುವುದಿಲ್ಲ, ಗ್ರೀಸಿನ ಪೊರೆ ಮತ್ತೆ ಮತ್ತೆ ಹರಡಿಕೊಳ್ಳುತ್ತದೆ. ಗಾಡಿ ನಿಂತಾಗ ನೀರು ಕೆಳಕ್ಕಿಳಿದು, ರೋಲರು ಬಳೆಗೆ ತಾಗುವ ಸಂದಿಯಲ್ಲಿ ಮನೆ ಮಾಡುತ್ತದೆ. ಅಲ್ಲೇ ತುಕ್ಕು. ಆಗಸ್ಟಿನಲ್ಲಿ ಹೊರಟಾಗ ಪ್ರತಿ ರೋಲರೂ ಪ್ರತಿ ಗೆರೆಯ ಮೇಲೆ ಹಾಯುತ್ತದೆ. ಗುಂಯ್ ಎನ್ನುವುದು ಆ ಸದ್ದು.

*

ಉಳಿದ ಅರ್ಧ: ನೀರು ಎಲ್ಲಿಂದ ಬಂತು?

ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದರೆ ನಗುತ್ತಾರೆ. ಆದರೆ ಅದೇ ಮಳೆಯಲ್ಲಿ ಅಕ್ಕಿಯ ಟೆಂಪೋ, ಗೋಳಿ ಸೋಡಾದ ಟೆಂಪೋಗಳೂ ನೆನೆಯುತ್ತವೆ. ಮೇಸ್ತ್ರಿಯ ಪ್ರಕಾರ ಅವಕ್ಕೆ ಈ ಕಾಯಿಲೆ ಕಡಿಮೆ. ಹಾಗಾದರೆ ಕಾರಣ ಮೀನಿನ ಗಾಡಿಯ ಒಳಗೇ ಇರಬೇಕು.

ಒಂದು ಕಿಲೋ ಐಸು ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಸೊನ್ನೆ ಡಿಗ್ರಿಯ ಬರೇ ತಣ್ಣೀರಿಗೆ ಆ ಶಕ್ತಿಯಿಲ್ಲ. ಅಂದರೆ ಮೀನನ್ನು ಕಾಯುವುದು ಐಸಿನ ತಂಪಿಗಿಂತ ಹೆಚ್ಚಾಗಿ ಐಸಿನ ಕರಗುವಿಕೆ. ನಮ್ಮ ಸೆಖೆಗೆ ಮೀನಿನಷ್ಟೇ ತೂಕದ ಐಸು ಬೇಕೆಂಬುದು ಬಲ್ಲವರ ಲೆಕ್ಕ. 100 ಕಿಲೋ ಬಂಗುಡೆ, ಬೂತಾಯಿಗೆ 100 ಕಿಲೋ ಐಸು. ಎಲ್ಲ ಕರಗಿದರೆ 100 ಲೀಟರ್ ನೀರು. ಆ ನೀರು ಪೆಟ್ಟಿಗೆಯಲ್ಲಿ ನಿಂತರೆ ಮೀನು ಕೆಡುತ್ತದೆ. ಹರಿದುಹೋದರೆ ಲೋಳೆ, ನೆತ್ತರನ್ನೂ ತೊಳೆದುಕೊಂಡು ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯ ತಳ ಹಿಂದಕ್ಕೆ ಇಳಿಜಾರು, ಮೂಲೆಯಲ್ಲೊಂದು ತೂತು, ತೂತಿಗೊಂದು ಪೈಪು.

ಬಗ್ಗಿ ನೋಡಿದೆ. ಪೈಪಿನ ಬಾಯಿ ನೇರ ಎಡಚಕ್ರದ ಹಬ್ಬಿನ ಮೇಲೆ. ಉಪ್ಪು, ನೆತ್ತರು ಬೆರೆತ ನೀರು ಹತ್ತು ತಿಂಗಳು ತೊಟ್ಟಿಕ್ಕಿದ್ದು ಅಲ್ಲಿಗೆ. ಬಲಚಕ್ರಕ್ಕೆ ಏನೂ ಆಗಿರಲಿಲ್ಲ.

*

ಸೀಲ್ ಇರುವಾಗ ನೀರು ಒಳಗೆ ಹೇಗೆ ಹೋಗುತ್ತದೆ? ಆಯಿಲ್ ಸೀಲ್ ಇರುವುದೇ ಅದನ್ನು ತಡೆಯಲಿಕ್ಕೆ.

ಮೇಸ್ತ್ರಿ ಇದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. “ಓಡಿ ಬಂದ ಕೂಡಲೇ ಹಬ್ ಮುಟ್ಟಿ ನೋಡಿ” ಎಂದ ಅಷ್ಟೇ. ಮಡಂತ್ಯಾರಿನ ಏರು ಹತ್ತಿ ಬಂದ ಇನ್ನೊಂದು ಗಾಡಿಯ ಹಬ್ ಮುಟ್ಟಿದೆ. ಕೈ ಹಿಂದಕ್ಕೆ ಬಂತು. ಬ್ರೇಕಿನ ಬಿಸಿಯೂ ಸೇರಿತ್ತೋ ಏನೋ. ಬಿಸಿ ಹಬ್ಬಿನೊಳಗೆ ಗಾಳಿ ಹಿಗ್ಗಿರುತ್ತದೆ. ಮೇಲಿಂದ ಐಸಿನ ನೀರು ಬಿದ್ದರೆ ಒಮ್ಮೆಗೇ ತಣಿದು ಕುಗ್ಗುತ್ತದೆ. ಕುಗ್ಗಿದ ಗಾಳಿ ಸೀಲಿನ ತುಟಿಯ ಸಂದಿಯಿಂದ ಹೊರಗಿನದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೀಲಿನ ಹೊರಗೆ ಇರುವುದು ನೀರು. ದೋಣಿ ಸಾಗಿಸುವ ಟ್ರೇಲರುಗಳನ್ನು ದಾರಿ ಓಡಿದ ಬಿಸಿಯಲ್ಲೇ ನೀರಿಗಿಳಿಸಿದರೆ ಬೇರಿಂಗು ಹಾಳಾಗುವುದೂ ಹೀಗೆಯೇ.

ವಾಟರ್ ಸರ್ವಿಸಿನವರು ನಾತ ಹೋಗಲಿ ಎಂದು ಪ್ರೆಶರಿನ ನೀರನ್ನು ಅದೇ ಸೀಲಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಗಾಡಿ ಶುದ್ಧವಾಗುತ್ತದೆ, ಬೇರಿಂಗು ಕೆಡುತ್ತದೆ.

*

ಗ್ರೀಸು ತುಂಬುವುದನ್ನು ನೋಡುತ್ತ ನಿಂತೆ. ಎಡ ಅಂಗೈಯಲ್ಲಿ ಒಂದು ಮುದ್ದೆ. ಬಲಗೈಯಲ್ಲಿ ಬೇರಿಂಗು, ಅದರ ಅಗಲ ಬದಿ ಕೆಳಗೆ. ಮುದ್ದೆಯ ಅಂಚಿಗೆ ಒತ್ತಿ ಒತ್ತಿ ಎಳೆಯುತ್ತಾನೆ. ಮೇಲಿನ ಬದಿಯಲ್ಲಿ ರೋಲರುಗಳ ನಡುವಿನಿಂದ ಗ್ರೀಸು ಹುಳದಂತೆ ಹೊರಬರುವವರೆಗೂ ಅದೇ ಜಾಗ, ಆಮೇಲೆ ಸ್ವಲ್ಪ ತಿರುಗಿಸಿ ಪಕ್ಕದ ಜಾಗ. ಹೊರಗೆ ಬಳಿದರೆ ಪ್ರಯೋಜನವಿಲ್ಲ, ಒಳಗೆ ಹೊಗಬೇಕು. ಹಬ್ಬಿನ ಹೊಟ್ಟೆಯನ್ನು ಮಾತ್ರ ಪೂರ್ತಿ ತುಂಬಲಿಲ್ಲ. ಹೆಚ್ಚಾದರೆ ಗ್ರೀಸೇ ಕಡೆದುಕೊಂಡು ಬಿಸಿಯಾಗುತ್ತದೆ. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಒಂದಿಷ್ಟು ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿದ. ಹಳೆಯ ಪಿನ್ ನೆಟ್ಟಗೆ ಮಾಡಿ ಹಾಕುವುದು ಉಳಿತಾಯ ಅಲ್ಲ ಎಂಬುದು ಅವನ ಕಡೆಯಿಂದ ಬಂದ ಏಕೈಕ ಉಪದೇಶ.

ಹಳೆಯ ಗ್ರೀಸಿನ ಮೇಲೆ ಹೊಸತನ್ನು ಹಾಕದೆ ಪೂರ್ತಿ ತೊಳೆದದ್ದು ಯಾಕೆಂದು ಆಮೇಲೆ ತಿಳಿಯಿತು. ಗ್ರೀಸು ಅಂದರೆ ಸಾಬೂನಿನ ಎಳೆಗಳ ನಡುವೆ, ಸ್ಪಂಜಿನಲ್ಲಿ ನೀರು ನಿಂತಂತೆ, ಹಿಡಿದಿಟ್ಟ ಎಣ್ಣೆ. ಸಾಬೂನು ಯಾವ ಲೋಹದ್ದು ಎಂಬುದರ ಮೇಲೆ ಗುಣ. ಸೋಡಿಯಂ ಗ್ರೀಸು ಶಾಖ ತಡೆಯುತ್ತದೆ, ನೀರಿಗೆ ತೊಳೆದುಹೋಗುತ್ತದೆ. ಸುಣ್ಣದ ಗ್ರೀಸು ನೀರಿಗೆ ಜಗ್ಗುವುದಿಲ್ಲ, ಶಾಖಕ್ಕೆ ಸೋಲುತ್ತದೆ. ಎರಡನ್ನೂ ತಕ್ಕಮಟ್ಟಿಗೆ ತಡೆಯುವುದು 1940ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಲಿಥಿಯಂ ಗ್ರೀಸು. ಬೇರೆ ಬೇರೆ ಸಾಬೂನುಗಳು ಬೆರೆತರೆ ಎಳೆ ಸಡಿಲಗೊಂಡು ಗ್ರೀಸು ನೀರಾಗಿಬಿಡಬಹುದು.

ಲಿಥಿಯಂ ಸಾಬೂನಿಗೆ ಬೇಕಾದ ಮುಖ್ಯ ಆಮ್ಲ ಸಿಗುವುದು ಹರಳೆಣ್ಣೆಯಿಂದ. ಎತ್ತಿನಗಾಡಿಯ ಕಾಲದಲ್ಲಿ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಯೂ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದೇ. ಗಾಡಿಯಡಿ ತೂಗುತ್ತಿದ್ದ ಬಿದಿರಿನ ಗೊಟ್ಟದಿಂದ ಈ ಪ್ಲಾಸ್ಟಿಕ್ ಡಬ್ಬಿಗೆ ಬರುವಷ್ಟರಲ್ಲಿ ಗಾಡಿ, ರಸ್ತೆ, ಅಚ್ಚು ಎಲ್ಲ ಬದಲಾಗಿವೆ. ಹರಳು ಬದಲಾಗಿಲ್ಲ. ಇದನ್ನು ಹೇಳಿದಾಗ ಮೇಸ್ತ್ರಿ ಡಬ್ಬಿ ಮೂಸಿ ನೋಡಿ, “ಹರಳೆಣ್ಣೆ ವಾಸನೆ ಇಲ್ಲ ಮಾರಾಯ್ರೇ” ಎಂದ.

*

ನಿಂತ ಚಕ್ರದ ಕಾಯಿಲೆ ನಮ್ಮೂರಿಗಷ್ಟೇ ಅಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿದ ಮೇಲೆ ಜನ ಚಕ್ರದ ಮನೆಗಳನ್ನೇ ಅದರ ಮೇಲೆ ಎಳೆದುಕೊಂಡು ಹೋಗುತ್ತಾರೆ. ಚಕ್ರ ಮೇಲಕ್ಕೆತ್ತಿದರೆ ಮನೆ ಐಸಿನ ಮೇಲೆ ಕೂರುತ್ತದೆ. ನೆಲದ ತೂತಿನಿಂದ ಗಾಳ ಇಳಿಬಿಟ್ಟು ಮೀನು ಹಿಡಿಯುವುದು. ಅಲ್ಲಿ ಐಸು ಮನೆಯ ಕೆಳಗೆ, ನಮ್ಮಲ್ಲಿ ಐಸು ಗಾಡಿಯ ಒಳಗೆ. ಅಲ್ಲಿಯ ರಸ್ತೆಗೆ ಹಿಮ ಕರಗಲೆಂದು ಉಪ್ಪು ಹಾಕುತ್ತಾರೆ, ನಮ್ಮಲ್ಲಿ ಉಪ್ಪು ಮೀನಿನ ಜೊತೆ ಬರುತ್ತದೆ. ಆ ಮನೆಗಳು ಬೇಸಿಗೆಯಿಡೀ ನಿಂತಿರುತ್ತವೆ, ಈ ಗಾಡಿಗಳು ಮಳೆಗಾಲವಿಡೀ. ಅವರೂ ಸೀಸನ್ ಮುಗಿದ ಮೇಲೆ ಬೇರಿಂಗು ಬಿಚ್ಚಿ ಗ್ರೀಸು ತುಂಬಿಯೇ ನಿಲ್ಲಿಸಬೇಕು. ಶುರುವಾಗುವ ಮೊದಲು ಮಾಡಿದರಾಯಿತು ಎಂದುಕೊಂಡವರಿಗೆ ಅಷ್ಟರಲ್ಲಿ ಗೆರೆ ಬಿದ್ದಿರುತ್ತದೆ.

*

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹ ನೋಡುವಾಗ ನನ್ನ ಕಣ್ಣು ಬಣ್ಣ, ದೀಪ ಬಿಟ್ಟು ಚಕ್ರದ ನಡುಭಾಗಕ್ಕೇ ಹೋಯಿತು. ವರ್ಷವಿಡೀ ನಿಂತ ಇಷ್ಟೊಂದು ಚಕ್ರ. ಸೂರಿದೆ, ಒಣನೆಲವಿದೆ, ಐಸಿನ ಪೈಪಿಲ್ಲ. ನಿಲ್ಲುವುದೊಂದೇ ತಪ್ಪಲ್ಲ, ಒದ್ದೆಯಾಗಿ ನಿಲ್ಲುವುದು ತಪ್ಪು. ಮೊದಲ ಟಿಪ್ಪಣಿಯ ಪ್ರಶ್ನೆಗೆ ಇದು ಉತ್ತರ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಮೂಡುಬಿದಿರೆ ಕಡೆಯ ಒಬ್ಬರು ಇದನ್ನು ಯಾರೂ ಹೇಳದೆಯೇ ಪಾಲಿಸುತ್ತಾರೆ. ಮೇ ಕೊನೆಗೆ ಬೇರಿಂಗು ಬಿಚ್ಚಿಸಿ ಗ್ರೀಸು. ಗಾಡಿ ನಿಲ್ಲಿಸುವುದು ಅಡಿಕೆ ಒಣಹಾಕುವ ಮಾಡಿನಡಿ. ವಾರಕ್ಕೊಮ್ಮೆ ಗೇಟಿನವರೆಗೆ ಹೋಗಿ ವಾಪಸ್. “ಬ್ಯಾಟರಿಗೆ ಒಳ್ಳೆದು” ಎಂಬುದು ಅವರ ಕಾರಣ. ಬೇರಿಂಗಿಗೆ ಗೊತ್ತಾಗುವುದಿಲ್ಲ, ಉಪಕಾರವಂತೂ ಆಗುತ್ತದೆ.

*

ಕೊನೆಗೂ ಪೈಪು. ಹಬ್ಬಿನ ಮೇಲೆ ಯಾಕೆ?

ಮಾಲೀಕರು: “ಬಾಡಿ ಬರುವಾಗಲೇ ಹಾಗೆ ಇತ್ತು.” ಬಾಡಿ ಕಟ್ಟುವವ: “ಹೇಳಿದ ಹಾಗೆ ಮಾಡುವುದು.” ಹಿಂದಕ್ಕೆ ಉದ್ದ ಮಾಡಿದರೆ ನೀರು ರಸ್ತೆಗೆ ಬಿದ್ದು ಹಿಂದಿನ ಬೈಕು ಜಾರುತ್ತದೆ, ಪೊಲೀಸರೂ ಬಿಡುವುದಿಲ್ಲ. ಮುಚ್ಚಿದರೆ ಮೀನು ಕೆಡುತ್ತದೆ. ಉಳಿದ ದಾರಿ ಕ್ಯಾನು. ಮೇಸ್ತ್ರಿ ಗಾರ್ಡನ್ ಪೈಪಿನ ತುಂಡು ಹಾಕಿ, ಕ್ಲಿಪ್ ಬಿಗಿದು, ಅಡಿಯಲ್ಲೊಂದು ಕ್ಯಾನು ಕಟ್ಟಿಕೊಟ್ಟ.

ಆದರೆ ಗುರುವಾಯನಕೆರೆಗೆ ಬರುವಾಗ ಕ್ಯಾನು ತುಂಬುತ್ತದೆ. ಎಲ್ಲಿ ಚೆಲ್ಲುವುದು? ಅದಕ್ಕೂ ಗಿರಾಕಿ ಸಿಕ್ಕಿದ್ದಾರೆ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ಊರು ಇದು, ಮೀನು ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಎರೆಯುವ ಮನೆಗಳು. ಮೊನ್ನೆ ಹಾರ್ನ್ ಕೇಳಿ ಹೊರಬಂದ ಒಬ್ಬ ಅಮ್ಮ ಬಂಗುಡೆಯ ರೇಟು ಕೇಳಿ, ಜಾಸ್ತಿಯಾಯಿತೆಂದು ತಲೆಯಾಡಿಸಿ, ಬಕೆಟು ಮುಂದೆ ಹಿಡಿದರು: “ಮೀನು ನಾಳೆ ನೋಡುವ. ನೀರು ಉಂಟಲ್ಲ?”