ಅಂತರಗಂಗೆಗೆ ಹೋದದ್ದು

ಶರತ್ಕಾಲವೆಂದರೆ ಎಲೆ ಉದುರುವ ಕಾಲವೆಂದು ನಮಗೆ ಇಂಗ್ಲಿಷ್ ಪಾಠದಲ್ಲಿ ಕಲಿಸಿದರು. ಕೋಲಾರದ ಮರಗಳಿಗೆ ಆ ಪಾಠ ಆದಂತೆ ಕಾಣುವುದಿಲ್ಲ. ಇಲ್ಲಿ ಎಲೆ ಉದುರುವುದು ಸಂಕ್ರಾಂತಿಯ ಆಚೆಗೆ. ಆಶ್ವಯುಜ ಕಾರ್ತಿಕಗಳಲ್ಲಿ ಈ ಒಣಸೀಮೆ ವರ್ಷಕ್ಕೊಮ್ಮೆ ಸಿಗುವ ಹಸಿರನ್ನೆಲ್ಲ ಒಟ್ಟಿಗೇ ಉಟ್ಟುಕೊಂಡು ನಿಂತಿರುತ್ತದೆ. ಮುಂಗಾರು ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರ ಕೈ ಬರಿದಾಗಿರುತ್ತದೆ. ನಮ್ಮ ಪಾಲಿನ ಮಳೆಯಲ್ಲಿ ಹೆಚ್ಚಿನದು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆ ಮಳೆ ಎರಡು ದಿನ ಬಿಡುವು ಕೊಟ್ಟಾಗ ಊರ ಹೊರಗಿನ ಅಂತರಗಂಗೆ ಬೆಟ್ಟಕ್ಕೆ ಹೋಗಬೇಕು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕು ಹೇಗೋ ಕೋಲಾರದವರಿಗೆ ಈ ಬೆಟ್ಟ ಹಾಗೆ. ಇದನ್ನು ಯಾವ ದೊರೆಯೂ ನೆಡಿಸಲಿಲ್ಲ, ಯಾವ ಮಾಲಿಯೂ ಕತ್ತರಿಸಲಿಲ್ಲ. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ನಡುವೆ ತಂಗಡಿ ಹೂವು, ಸೀತಾಫಲದ ಗಿಡ, ಮತ್ತು ಮನುಷ್ಯರ ಕೈಚೀಲದಲ್ಲಿ ಏನಿದೆಯೆಂದು ಮನುಷ್ಯರಿಗಿಂತ ಚೆನ್ನಾಗಿ ಬಲ್ಲ ಕೋತಿಗಳು.

ಈ ಸಲ ನಾನು ಹೋದದ್ದು ಸೋದರತ್ತೆಯ ಜೊತೆ, ವಿಜಯದಶಮಿ ಕಳೆದ ಮೂರನೆಯ ದಿನ. ಆಕೆಗೆ ಎಪ್ಪತ್ತೆಂಟು ವರ್ಷ. ನಮ್ಮೂರು ಶ್ರೀನಿವಾಸಪುರದಿಂದ ಹದಿನೆಂಟರಲ್ಲಿ ಮದುವೆಯಾಗಿ ಕೋಲಾರಕ್ಕೆ ಬಂದವರು, ಶ್ರೀನಿವಾಸಪುರದ ಮಾವಲ್ಲದೆ ಬೇರೆಯದು ಮಾವೇ ಅಲ್ಲ ಎಂಬ ಸಿದ್ಧಾಂತವನ್ನು ಅರವತ್ತು ವರ್ಷ ಬಿಡದೆ ಕಾಪಾಡಿಕೊಂಡವರು. ಮಗ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಕಾರ್ತಿಕ ಮುಗಿಯುವುದರೊಳಗೆ ಅತ್ತೆ ಅಲ್ಲಿಗೇ ಹೋಗಿ ನೆಲೆಸುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಯಾರದೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. "ಒಂದು ಸಲ ಬೆಟ್ಟ ಹತ್ತಿ ಬರೋಣ, ಜೊತೆಗೆ ಬಾರೋ" ಎಂದರು, ಅಷ್ಟೆ. ಮೊಣಕಾಲಿನ ಮಾತೆತ್ತಿದೆ. "ಮೊಣಕಾಲನ್ನೂ ಕರೆದುಕೊಂಡು ಹೋಗೋಣ" ಎಂದರು.

ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತೆವು. ಕೂತಾಗಲೆಲ್ಲ ಊರು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯಿತು. ಸೀತಾಫಲ ಮಾರುತ್ತಿದ್ದ ಹೆಂಗಸು ತೆಲುಗಿನಲ್ಲಿ ಶುರುಮಾಡಿ, ಅತ್ತೆಯ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟು, ಬೆಲೆ ಮಾತ್ರ ಮತ್ತೆ ತೆಲುಗಿನಲ್ಲೇ ಹೇಳಿದಳು. ನಮ್ಮ ಸೀಮೆಯಲ್ಲಿ ಯಾವ ಭಾಷೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹಿಡಿಯುತ್ತದೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಮೇಲೆ ಕಾಶಿ ವಿಶ್ವೇಶ್ವರನ ಗುಡಿ. ಅದರ ಪಕ್ಕದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದೆ. ದೊಡ್ಡ ಧಾರೆಯೇನಲ್ಲ, ಆದರೆ ಬೇಸಗೆಯಲ್ಲೂ ನಿಲ್ಲುವುದಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ನಿಧಾನವಾಗಿ ಹೊರಬರುತ್ತದೆಂದು ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, "ಕಾಶಿಯಿಂದ ಬರೋದೂ ಬಿರುಕಿನಲ್ಲೇ ತಾನೆ" ಎಂದರು. ಸುತ್ತಮುತ್ತ ಕೊಳವೆಬಾವಿಗಳು ಸಾವಿರ ಅಡಿ ದಾಟಿಯೂ ಧೂಳು ಕಾರಿದ ವರ್ಷಗಳನ್ನು ಕಂಡ ಊರಿನಲ್ಲಿ, ಕೇಳದೆ ಬರುವ ನೀರಿನ ಮೂಲವನ್ನು ಕುರಿತು ವಾದಿಸುವುದು ಕಷ್ಟ. ಪರಶುರಾಮನು ಕಾರ್ತವೀರ್ಯನನ್ನು ಕೊಂದದ್ದು ಈ ಶತಶೃಂಗದ ಮೇಲೆಯೇ, ಆಗ ಎದ್ದ ಕೋಲಾಹಲವೇ ಕೋಲಾರವಾಯಿತು ಎಂದು ಕಥೆ. ಗಂಗರಸರ ಕುವಲಾಲವೇ ಕೋಲಾರವಾಯಿತೆನ್ನುವವರ ಮಾತು ನನಗೆ ಹೆಚ್ಚು ಒಪ್ಪಿಗೆ, ಆದರೆ ಬೆಟ್ಟದ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ಅತ್ತೆಯನ್ನು ನೆರಳಿನಲ್ಲಿ ಕೂರಿಸಿ ನಾನು ಬಂಡೆಗಳ ನಡುವೆ ಇನ್ನಷ್ಟು ಹತ್ತಿದೆ. ಮೇಲೆ ತೇರಹಳ್ಳಿ ಮೊದಲಾದ ಊರುಗಳಿವೆ. ರಾಗಿಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹೂಬಿಟ್ಟ ಕಾಲ. ತೇರಹಳ್ಳಿಯ ಗುಹೆಯಲ್ಲಿ ಹಿಂದೆ ಒಂದು ಎಲೆಮೂಗಿನ ಬಾವಲಿ ಇತ್ತು. ೧೯೯೪ರಲ್ಲಿ ವಿದ್ವಾಂಸರು ಅದಕ್ಕೆ ಪ್ರತ್ಯೇಕ ಜಾತಿಯ ಹೆಸರು ಕೊಟ್ಟರು. ಇಂದು ತೇರಹಳ್ಳಿಯಲ್ಲಿ ಅದಿಲ್ಲ. ಕೋಲಾರ ಜಿಲ್ಲೆಯಲ್ಲೇ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಕೆಲವು ನೂರರ ಒಳಗಿನ ಸಂಖ್ಯೆಯಲ್ಲಿ ಉಳಿದಿದೆ, ಲೋಕದಲ್ಲಿ ಬೇರೆಲ್ಲೂ ಕಂಡುಬಂದಿಲ್ಲ. ಕಲ್ಲು ಒಡೆಯುವವರ ಸಿಡಿಮದ್ದಿಗೆ ಬಂಡೆ ಎಂದರೆ ಬಂಡೆ ಮಾತ್ರ. ಹೊರಟುಹೋಗುವವರ ಸುದ್ದಿ ಕೇಳುವ ಮನಸ್ಸು ಆ ದಿನ ನನಗಿರಲಿಲ್ಲ, ಆದರೂ ನೆನಪಾಯಿತು.

ಹೊರಟುಹೋಗುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಗುಂಡಪ್ಪನವರು ಮುಳಬಾಗಿಲಿನಿಂದ ಹೋಗಿ ಬಸವನಗುಡಿಯವರಾದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಗವಿಪುರದವರಾದರು. ಹಾಲು ಹೋಗುತ್ತದೆ, ಟೊಮೆಟೊ ಹೋಗುತ್ತದೆ, ಮಾವು ಹೋಗುತ್ತದೆ, ಬೆಳಗಿನ ರೈಲಿನಲ್ಲಿ ಮಕ್ಕಳು ಹೋಗುತ್ತಾರೆ. ಬೆಂಗಳೂರು ಏನು ಕಳಿಸುತ್ತದೆ ಎಂದರೆ, ೨೦೧೮ರಿಂದ, ನೀರು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ ೪೪ ಕೋಟಿ ಲೀಟರಿನ ಲೆಕ್ಕದಲ್ಲಿ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ. ಮೊದಲು ಬಂದ ನೀರಿನ ಮೇಲೆ ನೊರೆ ಕಂಡು ಜನ ಹೆದರಿದರು, ಕೋರ್ಟಿಗೂ ಹೋದರು. ಮೂರನೆಯ ಹಂತದ ಶುದ್ಧಿಯೂ ಬೇಕೆಂಬ ಕೂಗು ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಆದರೆ ಒಣಗಿದ್ದ ಬಾವಿಗಳಲ್ಲಿ ನೀರು ಏರಿದ್ದೂ ನಿಜ. ಅತ್ತೆಯ ಹಿತ್ತಲಿನ ಬಾವಿ ಇಪ್ಪತ್ತು ವರ್ಷ ಪಾಳುಬಿದ್ದಿದ್ದು ಈಗ ನೀರು ತೋರಿಸುತ್ತಿದೆ. ಆಕೆ ಆ ನೀರನ್ನು ಗಿಡಕ್ಕೆ ಹಾಕುತ್ತಾರೆ. ದೇವರ ಪೂಜೆಗೆ ಮುಟ್ಟಿಲ್ಲ.

ನಾನು ಇಳಿದು ಬರುವಷ್ಟರಲ್ಲಿ ಅತ್ತೆ ಬಸವನ ಬಾಯಿಗೆ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದರು. ಹಿಂದೆ ಕ್ಯಾನು ಹಿಡಿದ ನಾಲ್ಕು ಹುಡುಗರು ಸಾಲಾಗಿ ಕಾದಿದ್ದರು, ಒಬ್ಬನೂ ಅವಸರಪಡಿಸಲಿಲ್ಲ. "ನಿಮ್ಮ ಮಾವ ಮೊದಲ ಸಲ ಕರೆದುಕೊಂಡು ಬಂದಾಗ ಇದೇ ತಂಬಿಗೆ" ಎಂದರು. ತುಂಬಿದ ಮೇಲೆ ಬಾಯಿಗೆ ಬಾಳೆಲೆ ಕಟ್ಟಿ, ಸೆರಗಿನಲ್ಲಿ ಸುತ್ತಿಕೊಂಡು ಕೂತರು.

"ಕೋರಮಂಗಲದಲ್ಲಿ ಕಾವೇರಿ ನೀರು ಬರುತ್ತೆ ಅತ್ತೆ, ತೊಂದರೆಯಿಲ್ಲ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬರಲಿ. ಅಲ್ಲಿ ನಾನು ಮಿಂದ ನೀರು ಮೋರಿ ಹಿಡಿದು ಇಲ್ಲಿಗೇ ಬರುತ್ತದಂತಲ್ಲ?"

"ಹೌದು. ಕೆರೆಗೆ ಬರುತ್ತೆ."

"ನಮ್ಮ ಬಾವಿಗೆ?"

"ಬಂದರೂ ಬರಬಹುದು."

ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಾಗಾದರೆ ಮನೆ ಕೊಂಡವರಿಗೆ ಹೇಳು, ಬಾವಿ ಮುಚ್ಚಿಸಬೇಡಿ ಅಂತ."

ಮನೆ ಮಾರಿದ ಸಂಗತಿ ನನಗೆ ತಿಳಿದದ್ದು ಆಗ. ಇಳಿಯುವಾಗ ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ಸೀತಾಫಲದ ಹೆಂಗಸು ಇನ್ನೂ ಕೂತಿದ್ದಳು. ಅತ್ತೆ ಆರು ಕಾಯಿ ಒತ್ತಿ ನೋಡಿ ಆರಿಸಿ, ಅಕ್ಕಿಯ ಡಬ್ಬಿಯಲ್ಲಿಟ್ಟರೆ ನಾಲ್ಕು ದಿನಕ್ಕೆ ಹಣ್ಣಾಗುತ್ತವೆಂದು ನನಗೆ ಹೇಳಿದರು.