ರೆಕಾರ್ಡ್ ಪುಸ್ತಕದ ಹಿಂಬದಿಯ ನಾಟಕ

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಮೊನ್ನೆ ಮಗನನ್ನು ಕರೆದುಕೊಂಡು ಹುಣಸೂರಿನ ನಮ್ಮ ಮನೆಗೆ ಬಂದರು. "ಪಿಯುಸಿ ಬಿಟ್ಟು ಸೀರಿಯಲ್ಲಿಗೆ ಸೇರ್ತೀನಿ ಅಂತಾನೆ. ನೀವೇ ಬುದ್ಧಿ ಹೇಳಿ ಮೇಷ್ಟ್ರೇ" ಎಂದರು.

ನನಗೆ ಬಾಯಿ ಬರಲಿಲ್ಲ. ಹಿಂದೊಮ್ಮೆ ವಿಜ್ಞಾನದ ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲಿ ನಾಟಕ ಬರೆದಿದ್ದ ಹುಡುಗನೊಬ್ಬನ ಹಾಳೆಗಳನ್ನು ತರಗತಿಯ ಎದುರೇ ಹರಿದುಹಾಕಿದ್ದೆ. ಅವನು ಮತ್ತೆ ಬರೆಯಲಿಲ್ಲ.

ಈ ಹುಡುಗನಿಗೆ ಟಿ.ಎನ್. ಸೀತಾರಾಂ ಅವರ ವಿಷಯ ಹೇಳಿದೆ. ಕಾನೂನು ಓದಿ ವಕೀಲರಾದವರು. ಜೊತೆಗೆ 'ಆಸ್ಫೋಟ'ದಂಥ ನಾಟಕ ಬರೆದವರು. 1998ರಲ್ಲಿ ದೂರದರ್ಶನದಲ್ಲಿ ಶುರುವಾದ 'ಮಾಯಾಮೃಗ' ಮನೆಮಾತಾದಾಗ ಅವರ ವಯಸ್ಸು ಐವತ್ತರ ಆಸುಪಾಸು! ಮುಂದೆ 'ಮುಕ್ತ'ದಲ್ಲಿ ತಾವೇ ವಕೀಲ ಸಿ.ಎಸ್.ಪಿ. ಆಗಿ ನಟಿಸಿದರು. ಆ ಕೋರ್ಟಿನ ದೃಶ್ಯಗಳಿಗಾಗಿ ನಮ್ಮ ಮನೆಯಲ್ಲಿ ರಾತ್ರಿಯೂಟ ಮುಂದಕ್ಕೆ ಹೋಗುತ್ತಿತ್ತು. ಓದಿದ ಕಾನೂನು ದಂಡವಾಗಲಿಲ್ಲ, ಬರವಣಿಗೆಗೇ ಗೊಬ್ಬರವಾಯಿತು.

"ಪಿಯುಸಿ ಮುಗಿಸು. ದಿನಕ್ಕೊಂದು ಪುಟ ಬರೆ. ಆಮೇಲೂ ಆಸೆ ಉಳಿದರೆ ರಂಗಶಿಕ್ಷಣಕ್ಕೆ ಹೆಗ್ಗೋಡಿನ ನೀನಾಸಂ ಇದೆ, ಮೈಸೂರಿನಲ್ಲೇ ರಂಗಾಯಣ ಇದೆ" ಎಂದೆ. ತಂದೆಯತ್ತ ತಿರುಗಿ, "ಮಡಿಯಲ್ಲಿರುವ ಸಸಿಯನ್ನು ಕಿತ್ತು ನೇರ ಬ್ಯಾರನ್ನಿಗೆ ಹಾಕುತ್ತೀರಾ? ಹಾಗೆಂದು ಚಿವುಟಿಯೂ ಬಿಸಾಡುವುದಿಲ್ಲ ತಾನೇ?" ಎಂದೆ. ಅವರು ನಕ್ಕರು.

ಹುಡುಗ ಹೋಗುವಾಗ ಸಂಕೋಚದಿಂದ ಒಂದು ನೋಟ್‌ಬುಕ್ ಕೊಟ್ಟುಹೋದ. ರಾತ್ರಿ ಕೂತು ಓದಿದೆ. ಕೆಂಪು ಶಾಯಿಯಲ್ಲಿ ಕಾಗುಣಿತವಷ್ಟೇ ತಿದ್ದಿದೆ. ಈ ಸಲ ಒಂದು ಹಾಳೆಯನ್ನೂ ಹರಿಯಲಿಲ್ಲ.