ಮೊಣಕೈಗೆ ಗುರುವಾದ ಹುಳು

ಐರಣಿಯಿಂದ ರಾಣೆಬೆನ್ನೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರಾತ್ರಿ ರೈಲು. 2018ರ ಸೆಪ್ಟೆಂಬರ್. ತುಂಗಭದ್ರೆಯ ದಂಡೆ ಬಿಟ್ಟು ನಾನು ಹೊರಟಿದ್ದು ಬೆಂಗಳೂರು ಸ್ಪೇಸ್ ಎಕ್ಸ್‌ಪೋದಲ್ಲಿ ಇಸ್ರೋ ಇಟ್ಟಿದ್ದ ಗಗನಯಾತ್ರಿಯ ಉಡುಪನ್ನು ಕಣ್ಣಾರೆ ಕಾಣಲು.

ಕಂಡೆ! ಕಿತ್ತಳೆ ಬಣ್ಣ. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ರೂಪುಗೊಂಡದ್ದು. ಒಂದು ಗಂಟೆಯ ಉಸಿರಿಗೆ ಸಾಲುವಷ್ಟು ಆಮ್ಲಜನಕದ ವ್ಯವಸ್ಥೆ. ಜನರೆಲ್ಲ ಹೆಲ್ಮೆಟ್ಟಿನ ಫೋಟೊ ತೆಗೆಯುತ್ತಿದ್ದರೆ ನಾನು ಮೊಣಕೈಯನ್ನೇ ನೋಡುತ್ತ ನಿಂತೆ.

ಈ ಉಡುಪಿನ ಹಳೆಯ ಕಷ್ಟವೆಲ್ಲ ಅಡಗಿರುವುದು ಅಲ್ಲೇ. ಸುಮಾರು 19 ಕಿಲೋಮೀಟರ್ ಎತ್ತರ ದಾಟಿದರೆ ಮೈಯ ಬಿಸಿಗೇ ನೀರು ಕುದಿಯುವಷ್ಟು ಗಾಳಿಯ ಒತ್ತಡ ಕುಸಿದಿರುತ್ತದೆ. ಉಡುಪಿನೊಳಗೆ ಗಾಳಿ ತುಂಬಲೇಬೇಕು. ತುಂಬಿದರೋ, ಅದು ಸೆಟೆದು ನಿಲ್ಲುತ್ತದೆ. ತೊಟ್ಟವನು ಕೈ ಮಡಿಸಲಾರ.

1934ರಲ್ಲಿ ಅಮೆರಿಕದ ಒಕ್ಕಣ್ಣ ಪೈಲಟ್ ವೈಲಿ ಪೋಸ್ಟ್‌ಗಾಗಿ ಗುಡ್‌ರಿಚ್ ಟೈರ್ ಕಂಪನಿ ಇಂಥ ಉಡುಪು ಮಾಡಿತು. ಮೊದಲನೆಯದು ಪರೀಕ್ಷೆಯಲ್ಲೇ ಹರಿಯಿತು. ಎರಡನೆಯದರೊಳಗೆ ಪೋಸ್ಟ್ ಸಿಕ್ಕಿಕೊಂಡ, ಕತ್ತರಿಸಿ ಹೊರಗೆಳೆಯಬೇಕಾಯಿತು. ಮೂರನೆಯದು ಗೆದ್ದಿತು. ಒಳಗೆ ಉದ್ದನೆಯ ಒಳಉಡುಪು, ಮೇಲೆ ರಬ್ಬರಿನ ಪದರ, ಹೊರಗೆ ಪ್ಯಾರಾಷೂಟಿನ ಬಟ್ಟೆ, ತಲೆಗೆ ಲೋಹದ ಹೆಲ್ಮೆಟ್. ಅದೇ ವರ್ಷ ಅದನ್ನು ತೊಟ್ಟು 40,000 ಅಡಿ ಏರಿದ.

ಆ ಉಡುಪು ರೂಪಿಸಿದ ರಸೆಲ್ ಕಾಲಿ ಮುಂದೊಮ್ಮೆ ಟೊಮೆಟೊ ಗಿಡದ ಮೇಲೆ ಕೊಂಬಿನ ಹುಳು ಬಾಗುವುದನ್ನು ಗಮನಿಸಿದ. ತುಂಬಿದ ಮೈ, ಆದರೂ ಎಷ್ಟು ಸಲೀಸು! ಉಂಗುರದಂಥ ಮಡಿಕೆಗಳು ಒಂದು ಬದಿಗೆ ಹಿಗ್ಗಿದರೆ ಇನ್ನೊಂದು ಬದಿಗೆ ಕುಗ್ಗುತ್ತವೆ. ಅಂಥ ಮಡಿಕೆಗಳೇ ಉಡುಪಿನ ಕೀಲುಗಳಿಗೆ ಬಂದವು. ಟೊಮೆಟೊ ಬೀಜೋತ್ಪಾದನೆಗೆ ಹೆಸರಾದ ನಮ್ಮ ರಾಣೆಬೆನ್ನೂರು ಸೀಮೆಯಲ್ಲಿ ಹುಳು ಕಂಡರೆ ಕೈ ಎಣ್ಣೆ ಹೊಡೆಯುವ ಪಂಪಿಗೆ ಹೋಗುತ್ತದೆ. ಆ ಮನುಷ್ಯ ಕೂತು ನೋಡಿದ. ನನಗೆ ರಾಕೆಟ್ಟಿಗಿಂತ ಇದೇ ದೊಡ್ಡ ಬೆರಗು.

1961ರಲ್ಲಿ ಅಮೆರಿಕದ ಗಗನಯಾತ್ರಿ ಅಲನ್ ಶೆಪರ್ಡ್ ಗಗನಕ್ಕೇರಿದ್ದು ಗುಡ್‌ರಿಚ್ ಉಡುಪಿನಲ್ಲೇ. ಆದರೆ ಉಬ್ಬುವ ಕಾಟ ಅಲ್ಲಿಗೇ ಮುಗಿಯಲಿಲ್ಲ. 1965ರ ಮಾರ್ಚ್ 18ರಂದು ನೌಕೆಯ ಹೊರಗೆ ತೇಲಿದ ರಷ್ಯದ ಅಲೆಕ್ಸಿ ಲಿಯೊನೊವ್ ಉಬ್ಬಿದ ಉಡುಪಿನಿಂದಾಗಿ ಮರಳಿ ಒಳಸೇರಲಾರದೆ ಒದ್ದಾಡಿದ. ಕೊನೆಗೆ ಪ್ರಾಣ ಪಣಕ್ಕಿಟ್ಟು ಉಡುಪಿನ ಗಾಳಿ ಬಿಟ್ಟುಕೊಂಡೇ ಒಳಹೊಕ್ಕ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮಕ್ಕಳನ್ನು ಇಂಥ ಪ್ರದರ್ಶನಕ್ಕೆ ಕರೆದೊಯ್ದಾಗ ರಾಕೆಟ್ ತೋರಿಸಿಯೇ ಹಿಂದಿರುಗಬೇಡಿ. ಉಡುಪಿನ ಮೊಣಕೈ, ಬೆರಳು, ಮಂಡಿ ತೋರಿಸಿ, ಇವು ಬಾಗುವುದು ಹೇಗೆಂದು ಅವರನ್ನೇ ಕೇಳಿ.